ಗೋಡೆ ದಾಟಿ ಬಂದ ಮೂರನೆಯ ರೆಕಾರ್ಡು

ಬೈಲಹೊಂಗಲಕ್ಕೆ ಬಂದ ಮೊದಲ ಭಾನುವಾರ ಸಂಜೆ ನನ್ನ ಪ್ರೀತಿಯ ರೆಕಾರ್ಡ್ ಹಚ್ಚಿದೆ. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಎದುರು ಮನೆಯ ಇಬ್ಬರು ಹೆಂಗಸರು ಓಡಿಬಂದರು. ಒಬ್ಬರ ಕೈಯಲ್ಲಿ ನೀರಿನ ತಂಬಿಗೆ, ಇನ್ನೊಬ್ಬರ ಕೈಯಲ್ಲಿ ಜಜ್ಜಿದ ಉಳ್ಳಾಗಡ್ಡಿ. ಈರುಳ್ಳಿಗೆ ಇಲ್ಲಿ ಹಾಗೆನ್ನುತ್ತಾರೆ. ಒಳಗೆ ಯಾರೋ ಮೂರ್ಛೆ ಬಂದು ಒದರುತ್ತಿದ್ದಾರೆ, ಮೂಗಿಗೆ ಹಿಡಿಯೋಣ ಎಂದು ಬಂದವರು ಅವರು. ಅದು ಹಾಡು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಯಂತ್ರ ಕೆಟ್ಟಿದೆ, ರಿಪೇರಿ ಮಾಡುತ್ತಿದ್ದೇನೆ ಎಂದೆ. ಮುಂಬೈಯಿಂದ ಇಲ್ಲಿನ ಟೆಲಿಫೋನ್ ಆಫೀಸಿಗೆ ವರ್ಗವಾಗಿ ಬಂದ ಮೆಕ್ಯಾನಿಕ್ ನಾನು, ಅವರು ನಂಬಿದರು.

ಮುಂಬೈಯ ನಮ್ಮ ಗೆಳೆಯರಿಗೆ ಆ ರೆಕಾರ್ಡಿನ ತಂಡ ಗೊತ್ತು. ಹೆವಿ ಮೆಟಲ್ ಎಂಬ ಗಡಸು ಸಂಗೀತ ನುಡಿಸುವ ಇಂಗ್ಲೆಂಡಿನ ನಾಲ್ವರು. ಅವರ ಮೂರೂ ಆಲ್ಬಮ್ ನನ್ನ ಬಳಿ ಇದ್ದವು. ಮಾಟುಂಗದ ಇರಾನಿ ಹೋಟೆಲಿನಲ್ಲಿ ಕುಳಿತು ಯಾವುದು ಮೇಲು ಎಂದು ಎಷ್ಟು ವಾದಿಸಿದ್ದೆವು! ಮೊದಲನೆಯದರಲ್ಲಿ ಗಿಟಾರ್ ಏರುತ್ತ ಏರುತ್ತ ಹಾಡುವವನನ್ನೇ ಹಿಂದೆ ಬಿಟ್ಟು ಹೋಗುತ್ತದೆ. ಹಾಗಾಗಿ ಅದೇ ಶ್ರೇಷ್ಠ ಎಂದು ಕೊನೆಗೆ ಎಲ್ಲರೂ ಒಪ್ಪಿದ್ದೆವು. ಎರಡನೆಯದರಲ್ಲಿ ಬೇಸ್ ಗಿಟಾರಿನ ದಪ್ಪ ತಂತಿ ಒಂಟಿಯಾಗಿ ಶುರುಮಾಡುವುದನ್ನು ಕೆಲವರು ಮೆಚ್ಚುತ್ತಿದ್ದರು. ಮೂರನೆಯದರಲ್ಲಿ ರೆಕಾರ್ಡಿನ ಒಂದು ಇಡೀ ಮಗ್ಗುಲನ್ನು ಡ್ರಮ್ ಬಾರಿಸುವವನಿಗೇ ಬಿಟ್ಟುಕೊಟ್ಟಿದ್ದರು. ಬರೀ ಗದ್ದಲ ಎಂದು ಅದನ್ನು ತಳ್ಳಿಹಾಕಿದ್ದೆವು.

ಮುಂಬೈಯಲ್ಲಿ ಎಷ್ಟು ಜೋರಾಗಿ ಹಚ್ಚಿದರೂ ಲೋಕಲ್ ರೈಲು ನುಂಗಿಬಿಡುತ್ತಿತ್ತು. ಇಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿ ನಿಂತಿತೆಂದರೆ ಮೂರನೇ ಮನೆಯವರು ಕೆಮ್ಮಿದ್ದೂ ಕೇಳುತ್ತದೆ. ಅಲ್ಲಿ ಮರಾಠಿಯವರ ನಡುವೆ ನಾನು ಕನ್ನಡದವನು. ಇಲ್ಲಿ ಅಂಗಡಿಯಲ್ಲಿ ‘ಕೊಡಿ’ ಎಂದರೆ, ‘ಕೊಡ್ರಿ’ ಎನ್ನುವ ಜನ ನಾನು ಪುಸ್ತಕ ಓದುತ್ತಿದ್ದೇನೇನೋ ಎಂಬಂತೆ ನೋಡುತ್ತಾರೆ. ಒಣಗಿಸಿದ ಜೋಳದ ಕಟಕ ರೊಟ್ಟಿ ವಸಡಿಗೆ ಚುಚ್ಚುತ್ತಿತ್ತು. ಸಂಜೆ ಕೋಣೆಗೆ ಬಂದರೆ ಮಾತಾಡಲು ಯಾರೂ ಇರಲಿಲ್ಲ. ರೆಕಾರ್ಡ್ ಹಚ್ಚುತ್ತಿದ್ದೆ.

ಮನೆಯ ಮಾಲೀಕರು ವಾಮನಾಚಾರ್ಯರು. ಅವರ ಅಜ್ಜ ದೇಗಾಂವದ ಗುಡಿಯಲ್ಲಿ ಪುರಾಣ ಹೇಳುತ್ತಿದ್ದವರಂತೆ. ಇವರು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಗುಮಾಸ್ತರು. ಹೆಂಡತಿ ಸುಶೀಲಾಬಾಯಿ, ಒಬ್ಬಳೇ ಮಗಳು ವತ್ಸಲಾ. ಅವರ ಪಡಸಾಲೆಗೂ ನನ್ನ ಕೋಣೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ತಿಂಗಳುಗಟ್ಟಲೆ ಅವರು ಏನೂ ಅನ್ನಲಿಲ್ಲ. ರೂಢಿಯಾಗಿರಬೇಕು ಎಂದುಕೊಂಡೆ.

ಒಂದು ಸಂಜೆ ಹರಿದ ಟೆಲಿಫೋನ್ ತಂತಿ ನೋಡಲು ಹೊರಟಾಗ ವತ್ಸಲಾ ಮಠದ ಕಟ್ಟೆಯ ಮೇಲೆ, ದೀಪದ ಕೆಳಗೆ, ಪುಸ್ತಕ ಹಿಡಿದು ಕುಳಿತಿರುವುದು ಕಂಡಿತು. ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆ ಹತ್ತಿರವಿತ್ತು. ಇಲ್ಲೇಕೆ ಎಂದು ಕೇಳಿದರೆ, ಇಲ್ಲಿ ಓದಲು ಚಲೋ ಆಗುತ್ತದೆ ಎಂದು ತಲೆ ತಗ್ಗಿಸಿದಳು. ನನ್ನ ರೆಕಾರ್ಡಿನಿಂದಾಗಿಯೇ ಅವಳು ಮನೆ ಬಿಟ್ಟು ಬಂದದ್ದು ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೇರ ಮನೆಗೆ ಬಂದೆ. ಸುಶೀಲಾಬಾಯಿ ರೊಟ್ಟಿ ಬಡಿಯುತ್ತಿದ್ದರು. ನನಗೇಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದೆ.

“ಏನಂತ ಹೇಳಬೇಕ್ರಿ?” ಎಂದರು ಅವರು. “ಮನಿ ಮಂದಿ ಬಿಟ್ಟು ಬಂದೀರಿ. ಮನಸ್ಸಿಗೆ ಬ್ಯಾಸರಾದಾಗ ಹಚ್ಚತೀರಿ ಅಂತ ನಮಗ ತಿಳೀತಿತ್ತು. ಹುಡುಗಿ ಎಲ್ಲಿ ಕೂತರೂ ಓದತಾಳ.”

ಓಣಿಯವರು ಕೇಳಿದಾಗಲೆಲ್ಲ, ಟೆಲಿಫೋನಿನ ಯಂತ್ರವನ್ನು ದಿನಾ ಸಂಜೆ ಪರೀಕ್ಷೆ ಮಾಡಲೇಬೇಕಂತೆ, ಸರಕಾರದ ಕೆಲಸ ಎಂದು ಈಕೆಯೇ ಸಮಾಧಾನ ಹೇಳುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ನಾಲ್ಕು ಮಾತು ಬೈದಿದ್ದರೆ ಒಳ್ಳೆಯದಿತ್ತು.

ಅವತ್ತೇ ರೆಕಾರ್ಡುಗಳನ್ನು ಟ್ರಂಕಿಗೆ ಹಾಕಿದೆ. ಪರೀಕ್ಷೆ ಮುಗಿದ ಮೇಲೂ ತೆಗೆಯಲಿಲ್ಲ. ಒಂದು ದಿನ ವತ್ಸಲಾ ಬಾಗಿಲಿಗೆ ಬಂದು ನಿಂತಳು.

“ರಾಯರ, ಹಾಡು ಇರೂದಿಲ್ಲಲ್ಲ, ಬರೇ ಬಾರಸೂದು, ಅದನ್ನ ಹಚ್ಚರಿ. ಅದೊಂದ ಗ್ವಾಡಿ ದಾಟಿ ಪೂರಾ ಬರತದ.”

ಉಳಿದವು ಹೇಗೆ ಕೇಳಿಸುತ್ತಿದ್ದವು ಎಂದು ಕೇಳಿದೆ. ಮೊದಲನೆಯದರ ಗಿಟಾರ್ ಅವರ ಕಡೆಗೆ ತುಂಡು ತುಂಡಾಗಿ, ಬೆಕ್ಕಿನ ಜಗಳದಂತೆ ಬರುತ್ತಿತ್ತಂತೆ. ಎರಡನೆಯದಕ್ಕೆ ಗೋಡೆಯ ಹಲಗೆಯ ಮೇಲಿನ ಡಬ್ಬಿಗಳು ನಡುಗುತ್ತಿದ್ದವಂತೆ.

ಮೂರನೆಯದನ್ನು ಹಚ್ಚಿ, ನಾನೂ ಪಡಸಾಲೆಗೆ ಹೋಗಿ ಅವರ ಜೊತೆ ಕುಳಿತೆ. ಗೋಡೆ ತಾಳಗಳ ಚೀರಾಟವನ್ನೆಲ್ಲ ಆಚೆಯೇ ಇಟ್ಟುಕೊಂಡು ಪೆಟ್ಟನ್ನು ಮಾತ್ರ ಈಚೆಗೆ ಬಿಟ್ಟಿತ್ತು. ಡ್ರಮ್ಮಿನವನು ಅವಸರವಿಲ್ಲದೆ ಕಟ್ಟುತ್ತಿದ್ದ, ಕೆಡವುತ್ತಿದ್ದ, ಮತ್ತೆ ಕಟ್ಟುತ್ತಿದ್ದ. ಇದನ್ನು ನಾವು ಗದ್ದಲ ಎಂದಿದ್ದೆವು. ವಾಮನಾಚಾರ್ಯರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, ಬಾರಿಸಿದ ಮನುಷ್ಯನಿಗೆ ದಣಿವಾಗಿರಬೇಕು, ಪಾಪ ಎಂದರು.

ದೀಪಾವಳಿಗೆ ಮುಂಬೈಗೆ ಹೋದೆ. ಗೆಳೆಯರ ಬಳಿ ನಾಲ್ಕನೆಯ ಆಲ್ಬಮ್ ಬಂದಿತ್ತು, ಮತ್ತೆ ಅದೇ ವಾದ. ಮೂರನೆಯದೇ ಎಲ್ಲಕ್ಕಿಂತ ಮೇಲು ಎಂದೆ. ಹಳ್ಳಿಗೆ ಹೋಗಿ ಕಿವಿ ಕೆಟ್ಟಿದೆ ಎಂದು ನಕ್ಕರು. ಯಾರ ಮನೆಯಲ್ಲಿ ಕುಳಿತು ಅದನ್ನು ಕೇಳಿದೆ ಎಂದು ಹೇಳಬೇಕಿತ್ತು. ಹೇಳದೆ ನಾನೂ ಅವರೊಂದಿಗೆ ನಕ್ಕೆ.

ವಾಪಸು ಬರುವಾಗ ಧಾರವಾಡದಲ್ಲಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಳಿತ ಹಿರಿಯರು ಯಾವ ಊರು ಎಂದು ಕೇಳಿದರು. ಬೈಲಹೊಂಗಲರೀ ಎಂದು ನನ್ನ ಬಾಯಿಂದ ತಾನಾಗಿ ಬಂತು. ಯಾರ ಪೈಕಿ ಎಂದರು. ವಾಮನಾಚಾರ್ಯರ ಮನಿ ಎಂದೆ.

ಅವರು ನನ್ನನ್ನು ಮತ್ತೊಮ್ಮೆ ನೋಡಿದರು. “ಅವರಿಗೆ ಗಂಡಮಕ್ಕಳಿಲ್ಲಲ್ಲರಿ.”

ಬಾಡಿಗೆಗೆ ಇದ್ದೇನೆ ಎಂದೆ.

“ಹಂಗಾದ್ರ ನಿಮ್ಮೂರು ಯಾವುದು?”

ಮುಂಬೈ ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಗೆಳೆಯರೊಂದಿಗೆ ನಕ್ಕದ್ದು ನೆನಪಾಗಿ ಆ ಹೆಸರು ಹೇಳಲು ಮನಸ್ಸಾಗಲಿಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ, ದಾರಿಯುದ್ದಕ್ಕೂ ಹತ್ತಿಯ ಹೊಲ ನೋಡುತ್ತ ಕುಳಿತೆ.