ತುಂಬಿ ತಂದ ದಿನ

ನಿನ್ನೆ ಮೊಮ್ಮಗಳು ಸಾಲೆಯ ವಹಿಯಲ್ಲಿ ಒಂದು ಒಣಗಿದ ಗಿಡ ಅಂಟಿಸಿ, ಕೆಳಗೆ ‘ತುಂಬೆ. ಕೂದಲುಳ್ಳ ಎಲೆಗಳ ಸಣ್ಣ ಗಿಡ, ಒಂದೇ ವರ್ಷ ಬದುಕುತ್ತದೆ’ ಎಂದು ಬರೆದಿದ್ದಳು. ಮೂಗಿಗೆ ಹಿಡಿದೆ. ಆ ಖಾರ ವಾಸನೆ ಹೋಗಿರಲಿಲ್ಲ. ಜೀವಮಾನವೆಲ್ಲ ಹೂವನ್ನಷ್ಟೇ ಬಿಡಿಸಿದ ನನಗೆ ಅದರ ಎಲೆಗೆ ಕೂದಲಿದೆಯೆಂದು ಈ ವಯಸ್ಸಿನಲ್ಲಿ ತಿಳಿಯಿತು, ನೋಡಿ ಮಕ್ಕಳೇ.

ನಾವು ಅದಕ್ಕೆ ತುಂಬಿ ಎನ್ನುತ್ತೇವೆ. ಗಡಿಯ ಜತ್ತ ಸಂಸ್ಥಾನ ಹೋದ ಮರುವರ್ಷ ನಾನು ಸನಮಡಿಗೆ ಸೊಸೆಯಾಗಿ ಬಂದೆ. ಮಳೆಗಾಲದಲ್ಲಿ ನಮ್ಮ ಅತ್ತೆ ಆ ಬಿಳಿ ಹೂ ಲಿಂಗಕ್ಕೆ ಏರಿಸದೆ ನೀರನ್ನೂ ಮುಟ್ಟುತ್ತಿರಲಿಲ್ಲ. ತರುವವಳು ನಾನು.

ಆಮೇಲೆ ಮೈದುನನ ಹೆಂಡತಿಯಾಗಿ ನಿಮ್ಮ ಸಣ್ಣಾಯಿ ಬಂದಳು. ಮರಾಠಿ ಮನೆಯವಳು, ಬಾಯಿ ಚುರುಕು. ನೆಗೆಣ್ಣಿಯಾದ ನನ್ನನ್ನು ತನ್ನ ಮಾತಿನಲ್ಲಿ ಜಾವೂಬಾಯಿ ಎನ್ನುತ್ತಿದ್ದಳು. “ಜಾವೂಬಾಯಿ, ನಿಮ್ಮ ಮರಾಠಿ ಕೇಳಿದ್ರ ಎಮ್ಮಿ ಹಾಲ ಕೊಡೂದ ಬಿಡತೈತ್ರಿ” ಎಂದು ಅರೆಬರೆ ಕನ್ನಡದಲ್ಲಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಮುಳ್ಳು ಮುರಿದಂತಾಗುತ್ತಿತ್ತು.

ಅದೇ ಮಳೆಗಾಲ ಅತ್ತೆ ಹಾಸಿಗೆ ಹಿಡಿದರು. ಒಂದು ಮುಂಜಾನೆ ಪಡಸಾಲೆಯಲ್ಲಿ ಮಲಗಿದ್ದವರು ಎದುರಿಗೆ ಕಂಡ ಸಣ್ಣಾಯಿಗೆ, “ತುಂಬಿ ತಗೊಂಡ ಬಾ, ತಂಗಿ” ಎಂದರು.

ನೀರು ತುಂಬಿ ತರಲು ಹೇಳಿದರೆಂದು ಅವಳು ಕೊಡ ಎತ್ತಿಕೊಂಡು ಬಾವಿಗೆ ಹೊರಟಳು!

ನಾನು ಬಾಗಿಲ ಮರೆಯಲ್ಲಿದ್ದೆ. ಪಡಸಾಲೆಯಲ್ಲಿ ಮಾವನವರೂ ಊರ ಹಿರಿಯರೂ ಕುಳಿತಿದ್ದರು. ಅವರೆದುರು ಸೊಸೆ ದನಿ ಎತ್ತುವುದೆಂತು? ನಾಚಿಕೆ ನಿಜ. ಆದರೆ ಈ ಮಾತಿನಮಲ್ಲಿ ಒಂದು ಸಲ ನಗೆಪಾಟಲಾಗಲಿ ಎಂಬ ಆಸೆಯೂ ಇತ್ತು. ಅಂಗಳದಾಚೆಯ ಬದುವಿನಲ್ಲಿ ತುಂಬಿ ಬೆಳ್ಳಗೆ ಅರಳಿತ್ತು.

ಬಿಸಿಲೇರಿದ ಮೇಲೆ ತುಂಬಿದ ಕೊಡ ಬಂತು. ಅತ್ತೆ ಅದನ್ನೂ ಅವಳ ಬೆವರಿದ ಮುಖವನ್ನೂ ನೋಡಿದರು. ಯಾರೂ ನಗಲಿಲ್ಲ. ಬೆರಳು ಅದ್ದಿ ಲಿಂಗಕ್ಕೆ ನೀರು ಮುಟ್ಟಿಸಿದರು, ಎರಡು ಗುಟುಕು ಕುಡಿದರು. “ಚಲೋ ಆತು, ಮಗಳ.” ಮರುದಿನ ಅವರಿಗೆ ಎಚ್ಚರ ತಪ್ಪಿತು. ಮೂರನೆಯ ದಿನ ಹೋದರು.

ತಿಂಗಳೊಳಗೆ ಸಣ್ಣಾಯಿಗೆ ಆ ಮಾತಿನ ಅರ್ಥ ತಿಳಿಯಿತು. ಒಲೆಯ ಮುಂದೆ ಬಂದು ಕೂತಳು. “ಜಾವೂಬಾಯಿ, ಅತ್ತಿ ಅವತ್ತ ಹೂವ ಕೇಳಿದ್ರಂತ. ನಿಮಗ ಗೊತ್ತಿತ್ತೇನ್ರಿ?”

“ನಾ ಕೇಳಿಸಿಕೊಂಡಿಲ್ಲ ತಂಗಿ” ಎಂದೆ.

ಅವಳು ನಂಬಿದಳು. ಅಂದಿನಿಂದ ಎಷ್ಟೋ ವರ್ಷ ಒಂದೇ ಒಲೆಯಲ್ಲಿ ರೊಟ್ಟಿ ಬಡಿದೆವು. ನಾನು ಬಾಯಿ ಬಿಡಲಿಲ್ಲ. ಅತ್ತೆಯ ಕಡೆಯ ಹೂ ತಪ್ಪಿಸಿದವಳು ತಾನೇ ಎಂದು ಅವಳು ಇನ್ನೂ ತಿಳಿದಿದ್ದಾಳೆ.

ಮಕ್ಕಳೇ, ನಾನು ಕೇಳಿಸಿಕೊಂಡಿದ್ದೆ. ನಿಮ್ಮ ಸಣ್ಣಾಯಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ಪಕ್ಕದಲ್ಲಿ ಕುಳಿತು ಇದನ್ನು ಓದಿ ಹೇಳಿ. ನಾನು ಅಲ್ಲೇ ಇರುತ್ತೇನೆ, ಈ ಸಲ ಬಾಗಿಲ ಈಚೆಗೆ.