ಜೋಗುಪಾಳ್ಯದ ಕೋಳಿ ಹೊಳೆ

ನೀರು ಬಿಡುವ ಮುಂಚೆ ನಲ್ಲಿಯಲ್ಲಿ ಬರೀ ಗಾಳಿ ಬರುತ್ತದಲ್ಲ, ನೆಗಡಿಯಾದ ಮುದುಕ ಮೂಗು ಏರಿಸಿದಂಥ ಸದ್ದು, ಅದು ಕಿವಿಗೆ ಬಿದ್ದರೆ ಸಾಕು, ಜೋಗುಪಾಳ್ಯದ ನಮ್ಮ ಬಾಡಿಗೆ ಕೋಣೆ ಎದುರಿಗೆ ಬಂದು ನಿಲ್ಲುತ್ತದೆ. ತೊಂಬತ್ತರ ದಶಕದ ಕೊನೆ. ಕಲಬುರಗಿ ಕಡೆಯಿಂದ ಬಂದ ನಾವು ನಾಲ್ವರು, ಇದ್ದದ್ದೊಂದು ಕಿಟಕಿ. ಅಪ್ಪ ಊರವರ ಗೋಡೆಗೆಲ್ಲ ಬಣ್ಣ ಬಳಿಯುತ್ತಿದ್ದ. ನಮ್ಮ ಗೋಡೆ ಮಾತ್ರ ತೇವ ಹಿಡಿದು ಕಪ್ಪಾಗಿತ್ತು. ಅದನ್ನು ಮುಚ್ಚಲು ಜೀವನ್ ಬಿಮಾ ನಗರದ ಯಾರದೋ ಮನೆಯಿಂದ ಹಳೆಯ ಕ್ಯಾಲೆಂಡರಿನ ದೊಡ್ಡ ಹಾಳೆಯೊಂದನ್ನು ತಂದು ಗಂಜಿಯಲ್ಲಿ ಅಂಟಿಸಿದ. ಜರ್ಮನಿಯ ಯಾವುದೋ ಬೆಟ್ಟ, ಕವಿದುಕೊಂಡ ಕಾಡು, ಕಲ್ಲುಗಳ ನಡುವೆ ನುಸುಳುವ ಸಣ್ಣ ಹೊಳೆ. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಆ ಹೊಳೆಯ ಹೆಸರು. ಪಕ್ಕದ ಮನೆಯ ಫಾತಿಮಾ ಆಪಾ ಕೂಡಿಸಿ ಕೂಡಿಸಿ ಓದಿ, ಸೆರಗು ಬಾಯಿಗಿಟ್ಟು ನಕ್ಕರು: "ಮುರ್ಗ್ ಬೋಲ್ಕೆ ಲಿಖೇ ನಾ! ಮುರ್ಗ್ ಅಂದ್ರೆ ಕೋಳಿ ರೀ, ಕೋಳಿ!" ಅಂದಿನಿಂದ ನಮ್ಮ ಮನೆಯಲ್ಲಿ ಅದು ಕೋಳಿ ಹೊಳೆ.

ಅಕ್ಕ ಶರಣಿ ಆ ಗೋಡೆಗೇ ಮುಖ ಮಾಡಿ ಮಲಗಿರುತ್ತಿದ್ದಳು. ಅವಳ ಎದೆ ಪೂರ್ತಿ ಕೆಟ್ಟಿತ್ತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿಬಿಟ್ಟಿದ್ದರು. ನನಗೋ ಎಲ್ಲರನ್ನೂ ಅಣಕಿಸುವ ಚಾಳಿ: ಮನೆ ಓನರನ ಕೆಮ್ಮು, ಆಪಾರ ನಗು, ಯಾರೂ ಸಿಗದಿದ್ದರೆ ಹರೆಯಕ್ಕೆ ಒಡೆದ ನನ್ನದೇ ಗಂಟಲು. "ಹೊಳಿ ಹರಿಸೋ," ಎನ್ನುತ್ತಿದ್ದಳು ಅಕ್ಕ. ನಾನೆಲ್ಲಿ ಹೊಳೆ ಕಂಡವನು? ನಲ್ಲಿಯ ಸದ್ದನ್ನೇ ಬಾಯಿಗೆ ತಂದುಕೊಂಡೆ. ನಡುವೆ ಒಂದು "ಕೊಕ್ಕೊಕ್ಕೋ" ಸೇರಿಸಿದರೆ ನಗುತ್ತಿದ್ದಳು, ನಗು ಕೆಮ್ಮಾಗುತ್ತಿತ್ತು, ಅವ್ವ ಸೌಟು ಎತ್ತುತ್ತಿದ್ದಳು. ಮಳೆಗಾಲ ಬಂದಾಗ ಗೋಡೆಯ ತೇವ ಹಾಳೆಗೂ ಇಳಿದು ಚಿತ್ರದ ನೀರು ಉಬ್ಬಿಕೊಂಡಿತು. "ನೋಡೋ, ಹೊಳಿ ನನ್ನ ಹಾಸಿಗಿ ಮಟಾ ಬಂದದ," ಎಂದಳು. ಆ ಸಲ ನಮ್ಮಲ್ಲಿ ಯಾರೂ ನಗಲಿಲ್ಲ.

ಒಂದು ಸಂಜೆ, "ಇವತ್ತ ಕೋಳಿ ಬ್ಯಾಡ. ಬರೇ ನೀರು," ಎಂದಳು. ಹರಿಸಿದೆ. ಉಸಿರೆಳೆದುಕೊಳ್ಳಲು ನಿಲ್ಲಿಸಿದರೆ, "ನಿಂತದೇನೋ?" ಎನ್ನುವಳು. ಮತ್ತೆ ಹರಿಸುವೆ. ತುಟಿ ಒಣಗಿ ಇನ್ನೊಮ್ಮೆ ನಿಲ್ಲಿಸಿದಾಗ ಅವಳು ಕೇಳಲಿಲ್ಲ. ನಿದ್ದೆ ಹತ್ತಿತಲ್ಲ, ಎಚ್ಚರವಾಗದಿರಲಿ ಎಂದು ಇನ್ನಷ್ಟು ಮೆಲ್ಲಗೆ ಹರಿಸುತ್ತಲೇ ಇದ್ದೆ. ಅವ್ವ ಬಂದು ಅವಳ ಹಣೆ ಮುಟ್ಟಿ ನೋಡಿದಳು. ಆಮೇಲೆ ಅದೇ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಸಾಕೋ ಯಪ್ಪಾ. ಇನ್ನ ಯಾರ್ ಕೇಳಬೇಕು ಅದನ?"

ಆ ಕೋಣೆ ಈಗಿಲ್ಲ. ಅಲ್ಲಿ ಮೊಬೈಲ್ ರಿಪೇರಿ ಅಂಗಡಿ. ಓನರ್, ಆಪಾ, ಅವ್ವ, ಎಲ್ಲರೂ ನನ್ನ ಬಾಯಲ್ಲಿ ಇನ್ನೂ ಬಾಡಿಗೆಗಿದ್ದಾರೆ. ಕೇಳಿದವರಿಗೆ ಮಾಡಿ ತೋರಿಸುತ್ತೇನೆ, ಜನ ನಗುತ್ತಾರೆ. ಆ "ನಿಂತದೇನೋ?" ಒಂದನ್ನು ಮಾತ್ರ ಯಾರ ಮುಂದೆಯೂ ಅಂದಿಲ್ಲ. ನಲ್ಲಿ ನಿಂತ ಮೇಲೆ, ಒಬ್ಬನೇ ಇದ್ದಾಗ, ಒಮ್ಮೊಮ್ಮೆ.