ಮಾವನವರ ಟರ್ಬೊ

ಮಾವನವರ ಎಡ ಅಂಗೈ ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಗಾಡಿಯ ಗೇರಿನ ಗುಂಡಿ ಹಿಡಿದು ಹಿಡಿದು ನಡುವೆ ಜಡ್ಡುಗಟ್ಟಿ, ಊಟಕ್ಕೆ ಕೂತಾಗಲೂ ಬೆರಳುಗಳು ಅರ್ಧ ಮಡಚಿಕೊಂಡೇ ಇರುತ್ತಿದ್ದವು. ಮದುವೆಯಾಗಿ ಹಡಪಸರದ ಈ ಮೂರನೇ ಮಹಡಿಯ ಮನೆಗೆ ಬಂದ ಹೊಸದರಲ್ಲಿ ನಾನು ಅವರ ಮುಖಕ್ಕಿಂತ ಹೆಚ್ಚು ನೋಡಿದ್ದು ಆ ಕೈಯನ್ನೇ. ಮಾವನ ಎದುರು ಸೊಸೆ ತಲೆ ಮೇಲೆ ಸೆರಗು ಹೊದ್ದು ತಗ್ಗಿ ನಿಲ್ಲಬೇಕು, ಮಾತಾಡಬಾರದು ಎಂಬುದು ನಮ್ಮ ವಿಜಯಪುರದ ಕಡೆಯ ಪದ್ಧತಿ. ಮನೆತನ ಪುಣೆಗೆ ಬಂದಾಗ ಅದೂ ಗಂಟುಮೂಟೆಯ ಜೊತೆಗೇ ಬಂದಿತ್ತು. ತವರಿನಲ್ಲಿ ಅಪ್ಪನ ಸರಕಿನ ಮೂರು ಗಾಲಿಯ ಟಂಟಂ ಓಡಿಸುತ್ತಿದ್ದವಳು ನಾನು. ಇಲ್ಲಿ ಕಿಟಕಿಯ ಸರಳು ಹಿಡಿದು ಕೆಳಗಿನ ಟ್ರಾಫಿಕ್ ನೋಡುವುದಷ್ಟೇ ಉಳಿದಿತ್ತು. ಉಸಿರುಗಟ್ಟುತ್ತಿತ್ತು.

ಮಾವನವರದೂ ಅದೇ ಪಾಡು ಎಂದು ಗೊತ್ತಾದದ್ದು ತಡವಾಗಿ. ಅವರದೊಂದು ಹಳೆಯ ಡೀಸೆಲ್ ಪಿಕಪ್. ಪೈಪ್ ಅಂಗಡಿಯ ಮಾಲು ತುಂಬಿಕೊಂಡು ದಿವೇ ಘಾಟ ಹತ್ತಿ ಸಾಸವಡಕ್ಕೆ ಮುಟ್ಟಿಸುವುದು ಕೆಲಸ. ಅರ್ಧ ಏರಿನಲ್ಲೇ ಗಾಡಿ ಏದುಸಿರು ಬಿಡುತ್ತಿತ್ತು, ಹಿಂದಿನವರು ಹಾರ್ನ್ ಬಾರಿಸಿ ಬೈಯುತ್ತಿದ್ದರು. ಘಾಟ ಏರದ ಗಾಡಿ ಬೇಡ, ದೀಪಾವಳಿ ಕಳೆದ ಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಅಂಗಡಿ ಮಾಲೀಕ ಹೇಳಿಬಿಟ್ಟ. ತಳೇಗಾಂವದ ಕಾರ್ಖಾನೆಯಲ್ಲಿ ದುಡಿಯುವ ನನ್ನ ಗಂಡ ಅಪ್ಪನಿಗೆಂದು ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಗೊತ್ತುಮಾಡಿಯೂ ಬಂದರು.

"ಆ ಗೇಟಿನ ಗೂಡಿನ್ಯಾಗ ನನ್ನ ಕುಂದರಸಬ್ಯಾಡಪಾ," ಎಂದರು ಮಾವ.

ಹೊಸ ಗಾಡಿಯ ಮಾತೇ ಇರಲಿಲ್ಲ. ಇದ್ದ ಎಂಜಿನ್ನಿಗೇ ಟರ್ಬೊ ಕೂಡಿಸುವ ಯೋಚನೆ ಅವರ ತಲೆ ಹೊಕ್ಕಿತು. ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಅದಕ್ಕೇ ಹೆಚ್ಚು ಗಾಳಿ ಊದುವ ಚಕ್ರ ಅದು. ಗುಜರಿಯಲ್ಲಿ ಸಿಕ್ಕದ್ದನ್ನೇ ಜೋಡಿಸಿ ಅಗ್ಗದಲ್ಲಿ ಮುಗಿಸಬೇಕು. ಮೊಬೈಲಿನಲ್ಲಿ ವಿಡಿಯೋಗಳು ಬೇಕಾದಷ್ಟಿದ್ದವು, ಎಲ್ಲ ಇಂಗ್ಲಿಷಿನವು. ಮನೆಯಲ್ಲಿ ಅದು ತಿಳಿಯುತ್ತಿದ್ದದ್ದು ನನಗೊಬ್ಬಳಿಗೆ. ನನ್ನೊಡನೆ ಮಾತಾಡುವಂತಿಲ್ಲ. ಹಾಗಾಗಿ ಅತ್ತೆಯ ಮೂಲಕ ಶುರುವಾಯಿತು.

"ಆಕಿನ್ನ ಕೇಳು, ಟರ್ಬೊಕ್ಕ ಎಣ್ಣಿ ಎಲ್ಲಿಂದ ತಗೋತಾರಂತ?"

"ಪ್ರೆಶರ್ ಸ್ವಿಚ್ಚಿನ ಕಡಿಂದ ಅಂತ ಹೇಳ್ರಿ ಅತ್ತಿ."

ರೊಟ್ಟಿ ಬಡಿಯುತ್ತಿದ್ದ ಅತ್ತೆ ಕೊನೆಗೆ ಹಿಟ್ಟಿನ ಕೈ ಎತ್ತಿಬಿಟ್ಟರು. "ನನ್ನ ಬಾಯಾಗ ಯಾಕ ಗಾಡಿ ಹೊಡೀತೀರಿ? ನೀವ ನೀವ ಮಾತಾಡ್ಕೋರಿ. ನನ್ನ ರೊಟ್ಟಿ ಹೊತ್ತಾಕತ್ತಾವ."

ಹೀಗೆ ಮಾವ ಸೊಸೆ ಮಾತಾಡುವಂತಾಯಿತು. ಅದೂ ಟರ್ಬೊದ ಮಾತು ಮಾತ್ರ. ಅದು ಮುಗಿದ ಕೂಡಲೇ ಇಬ್ಬರ ಬಾಯಿಗೂ ಬೀಗ.

ಮಾವನವರಿಗೆ ಒಂದು ಚಟವಿತ್ತು. ಡೀಸೆಲ್ ಉಳಿಸಲೆಂದು, ಗಾಡಿ ನಿಂತರೆ ಸಾಕು, ಎಂಜಿನ್ ಬಂದ್. ಟರ್ಬೊ ಕೂಡಿಸಿಕೊಟ್ಟ ಗ್ಯಾರೇಜಿನವನು ಅದನ್ನೇ ಬೇಡವೆಂದ. ಏರು ಹತ್ತಿ ನಿಂತ ಕೂಡಲೇ ಬಂದ್ ಮಾಡಿದರೆ ಒಳಗಿನ ಎಣ್ಣೆ ಸುಟ್ಟು ಟರ್ಬೊದ ಚಕ್ರ ಹಿಡಿದುಕೊಳ್ಳುತ್ತದೆ, ಸ್ವಲ್ಪ ಹೊತ್ತು ಸುಮ್ಮನೆ ಚಾಲೂ ಬಿಡಬೇಕು. ಅದು ಕೆಟ್ಟರೆ ಇನ್ನೊಂದು ತರುವ ತಾಕತ್ತು ನಮಗಿರಲಿಲ್ಲ. "ನಿಂತ ಗಾಡಿಗೆ ಡೀಸೆಲ್ ಸುಡೂದಂದ್ರ ಹೊಟ್ಟಿ ಉರೀತದ," ಎಂದು ಮಾವ ಗೊಣಗಿದರು.

ಮಾಲು ತುಂಬಿ ಮೊದಲ ಸಲ ಹೊರಟಾಗ ಟರ್ಬೊದ ಮೀಟರಿನ ಮೇಲೆ ಕಣ್ಣಿಡಲು ಒಬ್ಬರು ಬೇಕಿತ್ತು. ಗಂಡ ಪಾಳಿಗೆ ಹೋಗಿದ್ದರು. ಅತ್ತೆಯೇ ನನ್ನನ್ನು ಕಳಿಸಿದರು. ಗಾಡಿ ಎಲ್ಲೂ ತಡವರಿಸದೆ ಘಾಟ ಏರಿತು. ಮಾವನ ಮುಖ ಅರಳಿತು. ಖುಷಿಯಲ್ಲಿ ಬದಿಗೆ ನಿಲ್ಲಿಸಿದರು, ಕೈ ತಾನಾಗಿ ಕೀಲಿಗೆ ಹೋಯಿತು. ಬಾಯಿಂದ ಮಾತು ಹೊರಡುವ ಮೊದಲೇ ನಾನು ಅವರ ಮಣಿಕಟ್ಟು ಹಿಡಿದುಬಿಟ್ಟಿದ್ದೆ. ಹಿಡಿದ ಮೇಲೆ ಅರಿವಾಯಿತು. ಮಾವನನ್ನು ಮುಟ್ಟಿದ್ದೆ.

ಅವರು ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು. ಎಂಜಿನ್ ಗುರುಗುಡುತ್ತಲೇ ಇತ್ತು. ಎಡಕ್ಕೆ ಕಟ್ಟೆ, ಬಲಕ್ಕೆ ಲಾರಿಗಳ ಸಾಲು, ಇಳಿಯಲೂ ಜಾಗವಿಲ್ಲ. ಇಬ್ಬರೂ ಸಿಕ್ಕಿಬಿದ್ದವರಂತೆ ಎದುರಿನ ಗಾಜು ನೋಡುತ್ತ ಕೂತೆವು.

"ಮನ್ಯಾಗ ಭಾಳ ಬ್ಯಾಸರಾಗತದೇನವ್ವಾ?" ಎಂದರು.

ಪುಣೆಗೆ ಬಂದ ಮೇಲೆ ಯಾರೂ ಕೇಳಿರದ ಮಾತು. ಅಳು ಬಂತು. "ಹೌದ್ರಿ ಮಾವಾರ," ಎಂದೆ.

"ನನಗೂ ಆಗತದ," ಎಂದರು.

ಕೆಲಸ ಉಳಿಯಿತು. ಮೀಟರಿನ ನೆಪದಲ್ಲಿ ನಾನೂ ಆಗಾಗ ಹೋಗತೊಡಗಿದೆ. ಘಾಟದ ಮೇಲಿನ ಸಪಾಟು ರಸ್ತೆಯಲ್ಲಿ ಅವರು ಸ್ಟಿಯರಿಂಗ್ ನನಗೆ ಕೊಡುತ್ತಿದ್ದರು. ಪರಿಚಯದವರು ಸಿಗುವ ಜಾಗ ಬಂತೆಂದರೆ ಮತ್ತೆ ಸೀಟು ಬದಲು.

ಮುಂದಿನ ಮಳೆಗಾಲದಲ್ಲಿ ಹಾಸಿಗೆ ಹಿಡಿದ ಮಾವ ಮತ್ತೆ ಏಳಲಿಲ್ಲ. ದಿನಕರ್ಮ ಮುಗಿಯುತ್ತಲೇ ಬಂಧುಗಳು ಗಾಡಿ ಮಾರುವ ಮಾತೆತ್ತಿದರು, ಗಂಡನೂ ಹೂಂ ಎಂದರು. ಅಷ್ಟರಲ್ಲಿ ಪೈಪ್ ಅಂಗಡಿಯ ಮಾಲೀಕ ಫೋನು ಮಾಡಿ, ಮಾಲು ಬಿದ್ದಿದೆ, ಸೊಸೆ ಯಾವತ್ತಿನಿಂದ ಬರುತ್ತಾಳೆ ಎಂದು ಮರಾಠಿಯಲ್ಲಿ ಕೇಳಿದ. ಬೇರೆ ಗಾಡಿ ನೋಡಬೇಡ, ನಾನಿಲ್ಲದಿದ್ದರೆ ಸೊಸೆ ಬರುತ್ತಾಳೆ ಎಂದು ಮಾವ ಮಲಗಿದಲ್ಲಿಂದಲೇ ಅವನಿಗೆ ಮಾತು ಕೊಟ್ಟಿದ್ದರಂತೆ. ಸತ್ತವರು ಕೊಟ್ಟ ಮಾತು ಮುರಿಯುವ ಧೈರ್ಯ ಮನೆಯಲ್ಲಿ ಯಾರಿಗೂ ಆಗಲಿಲ್ಲ. ನಾನು ಹೊಸ್ತಿಲು ದಾಟಿ ದುಡಿಯುತ್ತಿರುವುದು ಅವರ ಋಣದಿಂದ. ಅವರು ಯಾರನ್ನೂ ಕೇಳಿರಲಿಲ್ಲ, ನನ್ನನ್ನೂ ಕೇಳಿರಲಿಲ್ಲ. ಕೇಳಿದ್ದರೆ ಬೇಡವೆಂದೇ ಹೇಳುತ್ತಿದ್ದೆ, ಅಷ್ಟು ಹೆದರಿದ್ದೆ ನಾನು.